ವಾಲ್ಟರ್ ಟಲ್: ಫುಟ್ಬಾಲ್ ಮೈದಾನದಿಂದ ರಣರಂಗಕ್ಕೆ



ಬರ್ಮಿಂಗ್‌ಹ್ಯಾಮ್, ಲೀಡ್ಸ್ ಕಡೆಯಿಂದ ಲಂಡನ್ನಿಗೆ ಹೋಗುವ ನಮ್ಮವರಿಗೆ ನಾರ್ಥಾಂಪ್ಟನ್ ಅಂದರೆ ಹೆದ್ದಾರಿಯಲ್ಲಿ ಸಿಗುವ ಒಂದು ಬೋರ್ಡು, ಅಷ್ಟೇ. ಅಲ್ಲಿನ ಗೋಡೌನುಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಿಕ್ಸ್‌ಫೀಲ್ಡ್ಸ್ ಫುಟ್ಬಾಲ್ ಮೈದಾನ ಗೊತ್ತಿರಬಹುದು. ಆ ಮೈದಾನದ ಪಕ್ಕದ ರಸ್ತೆಗೆ ವಾಲ್ಟರ್ ಟಲ್ ವೇ ಅಂತ ಹೆಸರು. ಅಲ್ಲೇ ಅವನ ಸ್ಮಾರಕವೂ ಇದೆ. ನಾನು ಎಲೆಕ್ಟ್ರಿಷಿಯನ್, ಓದಿದ್ದು ಸರ್ಕಾರಿ ಐಟಿಐ. ಇತಿಹಾಸ ಬರೆಯುವವನಲ್ಲ. ಆದರೆ ಈ ಹೆಸರು ಯಾರದ್ದು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ, ಹೊರದೇಶಕ್ಕೆ ಬಂದು ಕೈಕಸುಬಿನಿಂದ ಬದುಕುವ ನಮ್ಮಂಥವರು ತಿಳಿದಿರಬೇಕಾದದ್ದು ಅನ್ನಿಸಿತು. ಹಾಗಾಗಿ ಈ ವರ್ಷದ ಸಂಚಿಕೆಗೆ ಇದನ್ನೇ ಬರೆಯುತ್ತಿದ್ದೇನೆ.

ಕಥೆ ಶುರುವಾಗೋದು ಅವನ ಅಪ್ಪನಿಂದ. ಹೆಸರು ಡೇನಿಯಲ್ ಟಲ್. ಊರು ವೆಸ್ಟ್ ಇಂಡೀಸಿನ ಬಾರ್ಬಡೋಸ್. ಕಬ್ಬು ಬೆಳೆಯುವ ಆ ಸಣ್ಣ ದ್ವೀಪದಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ತಲೆಮಾರುಗಟ್ಟಲೆ ಗುಲಾಮರಾಗಿ ದುಡಿಸಿದರು. ಡೇನಿಯಲ್‌ನ ಅಪ್ಪ ಗುಲಾಮನಾಗಿದ್ದವನು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1834ರಲ್ಲಿ. ಪೂರ್ತಿ ಬಿಡುಗಡೆ ಸಿಗಲು 1838ರವರೆಗೆ ಕಾಯಬೇಕಾಯಿತು. ಮಗ ಡೇನಿಯಲ್ ಬಡಗಿ ಕೆಲಸ ಕಲಿತ. ಆ ಒಂದು ಕಸುಬನ್ನು ನಂಬಿಕೊಂಡು ಹಡಗು ಹತ್ತಿ, 1876ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಫೋಕ್‌ಸ್ಟನ್ ಎಂಬ ಬಂದರು ಊರಿಗೆ ಬಂದಿಳಿದ. ಉಳಿ, ಗರಗಸ ಹಿಡಿಯುವವನಿಗೆ ಎಲ್ಲಿ ಹೋದರೂ ಕೆಲಸ ಸಿಗುತ್ತೆ ಅನ್ನೋ ಧೈರ್ಯ ನಮಗೆಲ್ಲ ಗೊತ್ತಿರುವಂಥದ್ದೇ.

ಅಲ್ಲಿ ಕೆಂಟ್ ಪ್ರಾಂತ್ಯದ ಆಲಿಸ್ ಪಾಮರ್ ಎಂಬ ಹುಡುಗಿಯನ್ನು ಮದುವೆಯಾದ. ಆಕೆಯ ಕಡೆಯವರು ಹೊಲಗಳಲ್ಲಿ ದುಡಿಯುವ ಜನ. ಈ ದಂಪತಿಗೆ 1888ರ ಏಪ್ರಿಲ್ 28ರಂದು ಹುಟ್ಟಿದ ಮಗನೇ ವಾಲ್ಟರ್. ಮನೆ ತುಂಬ ಮಕ್ಕಳು. ಅಣ್ಣ ಎಡ್ವರ್ಡ್ ಅವನಿಗಿಂತ ಎರಡು ವರ್ಷಕ್ಕೆ ಹಿರಿಯ.

ವಾಲ್ಟರ್‌ಗೆ ಏಳು ವರ್ಷ ಆದಾಗ, 1895ರಲ್ಲಿ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಡೇನಿಯಲ್ ಆಕೆಯ ಸಂಬಂಧಿ ಕ್ಲಾರಾಳನ್ನೇ ಮದುವೆಯಾದ. ಅವರಿಗೊಂದು ಹೆಣ್ಣುಮಗು ಹುಟ್ಟಿತು. ಅದೇ 1897ರ ಡಿಸೆಂಬರ್‌ನಲ್ಲಿ ಡೇನಿಯಲ್ ಹೃದಯದ ಕಾಯಿಲೆಯಿಂದ ಸತ್ತ. ಕ್ಲಾರಾಳಿಗೆ ತಾನು ಹೆತ್ತ ಕೂಸು ಒಂದು ಕಡೆ, ಗಂಡನ ಮೊದಲ ಮಕ್ಕಳು ಇನ್ನೊಂದು ಕಡೆ. ದುಡಿಯುವ ಕೈ ಹೋಗಿತ್ತು. ಅವಳನ್ನು ಮಲತಾಯಿ ಅಂತ ಬೈಯುವುದು ಸುಲಭ. ಆದರೆ ಹೊಟ್ಟೆಗಿಲ್ಲದ ಮನೆಯಲ್ಲಿ ಯಾರು ಏನು ಮಾಡಬಹುದಿತ್ತು? ಮೆಥಡಿಸ್ಟ್ ಚರ್ಚಿನವರ ಸಲಹೆಯಂತೆ 1898ರ ಫೆಬ್ರವರಿಯಲ್ಲಿ ಎಡ್ವರ್ಡ್ ಮತ್ತು ವಾಲ್ಟರ್ ಇಬ್ಬರನ್ನೂ ಲಂಡನ್ನಿನ ಬೆತ್ನಾಲ್ ಗ್ರೀನ್ ಎಂಬಲ್ಲಿದ್ದ ಅನಾಥಾಲಯಕ್ಕೆ ಸೇರಿಸಿದರು. ಆಗ ವಾಲ್ಟರ್‌ಗೆ ಇನ್ನೂ ಹತ್ತು ತುಂಬಿರಲಿಲ್ಲ.

ಅಣ್ಣ ಜೊತೆಗಿದ್ದಾನಲ್ಲ ಅನ್ನುವ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ಎಡ್ವರ್ಡ್ ಚೆನ್ನಾಗಿ ಹಾಡುತ್ತಿದ್ದ. ಅನಾಥಾಲಯದ ಹಾಡುಗಾರ ಮಕ್ಕಳ ತಂಡ ಊರೂರು ಸುತ್ತಿ ಹಣ ಕೂಡಿಸುತ್ತಿತ್ತು. ಹಾಗೆ ಹೋದಾಗ ಸ್ಕಾಟ್ಲೆಂಡಿನ ಗ್ಲಾಸ್ಗೋದ ವಾರ್ನಾಕ್ ಎಂಬ ಕುಟುಂಬ ಅವನನ್ನು ಮೆಚ್ಚಿಕೊಂಡು 1900ರಲ್ಲಿ ದತ್ತು ತೆಗೆದುಕೊಂಡಿತು. ಆ ಮನೆಯ ಯಜಮಾನ ಹಲ್ಲಿನ ಡಾಕ್ಟರ್. ಮುಂದೆ ಎಡ್ವರ್ಡ್ ಕೂಡ ಓದಿ ಹಲ್ಲಿನ ಡಾಕ್ಟರ್ ಆದ. ಆ ಕಾಲದಲ್ಲಿ ಕಪ್ಪು ಮೈಬಣ್ಣದವನೊಬ್ಬ ಈ ದೇಶದಲ್ಲಿ ಹಲ್ಲಿನ ಡಾಕ್ಟರ್ ಆಗುವುದು ದೊಡ್ಡ ಸಂಗತಿ. ಇತ್ತ ವಾಲ್ಟರ್ ಒಬ್ಬನೇ ಅನಾಥಾಲಯದಲ್ಲಿ ಉಳಿದ. ಅಲ್ಲಿನ ಮುದ್ರಣಾಲಯದಲ್ಲಿ ಅವನಿಗೆ ಅಚ್ಚಿನ ಕೆಲಸ ಕಲಿಸಿದರು. ಅಪ್ಪ ಬಡಗಿ, ಮಗ ಅಚ್ಚುಕೂಟದ ಹುಡುಗ. ಸಂಜೆ ಹೊತ್ತು ಅನಾಥಾಲಯದ ತಂಡಕ್ಕೆ ಫುಟ್ಬಾಲ್ ಆಡುತ್ತಿದ್ದ.

ಆ ಆಟವೇ ಅವನನ್ನು ಹೊರಗೆ ತಂದಿತು. 1908ರಲ್ಲಿ ಕ್ಲ್ಯಾಪ್ಟನ್ ಎಂಬ ಹವ್ಯಾಸಿ ಕ್ಲಬ್ಬಿಗೆ ಸೇರಿದ. ಆ ಒಂದೇ ಸೀಸನ್ನಿನಲ್ಲಿ ಕ್ಲ್ಯಾಪ್ಟನ್ ಮೂರು ಕಪ್ ಗೆದ್ದಿತು. ಪತ್ರಿಕೆಗಳಲ್ಲಿ ಹೆಸರು ಬಂತು. 1909ರಲ್ಲಿ ಲಂಡನ್ನಿನ ದೊಡ್ಡ ಕ್ಲಬ್ಬು ಟಾಟನ್‌ಹ್ಯಾಮ್ ಅವನನ್ನು ಕರೆಯಿತು. ತಂಡದ ಜೊತೆ ಅರ್ಜೆಂಟೀನಾ, ಉರುಗ್ವೆ ದೇಶಗಳಿಗೆ ಹೋಗಿ ಆಡಿ ಬಂದ. ವಾಪಸ್ ಬಂದ ಮೇಲೆ ವೃತ್ತಿಪರ ಆಟಗಾರನಾಗಿ ಸಹಿ ಮಾಡಿದ. ಸಹಿಗೆ 10 ಪೌಂಡ್, ವಾರಕ್ಕೆ 4 ಪೌಂಡ್ ಸಂಬಳ. ಆಟಗಾರರಿಗೆ ಅದಕ್ಕಿಂತ ಹೆಚ್ಚು ಕೊಡಬಾರದು ಅಂತ ಆಗ ನಿಯಮವೇ ಇತ್ತು. ಕೂಲಿಕಾರರ ಲೆಕ್ಕದಲ್ಲಿ ಅದು ಒಳ್ಳೇ ಸಂಬಳವೇ.

ಇಂಗ್ಲೆಂಡಿನಲ್ಲಿ ವೃತ್ತಿಪರವಾಗಿ ಆಡಿದ ಮೊದಲ ಕಪ್ಪು ಆಟಗಾರ ವಾಲ್ಟರ್ ಅಲ್ಲ. ಅವನಿಗಿಂತ ಮೊದಲೇ ಈಗಿನ ಘಾನಾ ದೇಶದಿಂದ ಬಂದ ಆರ್ಥರ್ ವಾರ್ಟನ್ ನಮ್ಮ ಉತ್ತರದ ಪ್ರೆಸ್ಟನ್, ರಾದರಮ್, ಶೆಫೀಲ್ಡ್ ತಂಡಗಳಿಗೆ ಗೋಲ್‌ಕೀಪರ್ ಆಗಿದ್ದ. ಕೊನೆಗೆ ಯಾರ್ಕ್‌ಶೈರಿನ ಕಲ್ಲಿದ್ದಲು ಗಣಿಯಲ್ಲಿ ದುಡಿದು, 1930ರಲ್ಲಿ ಸತ್ತಾಗ ಅವನ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ಹಾಕಿದ್ದು 1997ರಲ್ಲಿ. ಆದರೆ ಗೋಲು ಕಾಯುವ ಜಾಗ ಬಿಟ್ಟು ಮೈದಾನದ ನಡುವೆ, ಅದೂ ಅತಿ ಮೇಲಿನ ದರ್ಜೆಯಲ್ಲಿ ಆಡಿದ ಮೊದಮೊದಲ ಕಪ್ಪು ಆಟಗಾರರಲ್ಲಿ ವಾಲ್ಟರ್ ಒಬ್ಬ.

1909ರ ಸೆಪ್ಟೆಂಬರ್‌ನಲ್ಲಿ ಅವನು ಸ್ವಂತ ಮೈದಾನದಲ್ಲಿ ಮೊದಲ ಸಲ ಆಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಎದುರು ತಂಡದವರು ಅವನನ್ನು ತಡೆಯಲಾಗದೆ ಬೀಳಿಸಿ, ಟಾಟನ್‌ಹ್ಯಾಮ್‌ಗೆ ಪೆನಾಲ್ಟಿ ಸಿಕ್ಕಿತು. ಎಲ್ಲ ಚೆನ್ನಾಗಿತ್ತು. ಮುಂದಿನ ತಿಂಗಳು ಬ್ರಿಸ್ಟಲ್ ಊರಿನಲ್ಲಿ ಪಂದ್ಯ. ಅಲ್ಲಿನ ಕೆಲವು ಪ್ರೇಕ್ಷಕರು ಆಟ ಮುಗಿಯುವ ತನಕ ಅವನ ಬಣ್ಣ ಹಿಡಿದು ಕೀಳು ಭಾಷೆಯಲ್ಲಿ ಬೈದರು. ಪತ್ರಿಕೆಯವರೊಬ್ಬರು ಅದನ್ನು ಖಂಡಿಸಿ, ಆ ದಿನ ಮೈದಾನದಲ್ಲಿ ಎಲ್ಲರಿಗಿಂತ ಸಭ್ಯನಾಗಿ ನಡೆದುಕೊಂಡವನು ವಾಲ್ಟರ್ ಅನ್ನುವ ಅರ್ಥದಲ್ಲಿ ಬರೆದರು. ಆದರೂ ಆದದ್ದೇನು? ಬೈದವರು ಮುಂದಿನ ವಾರವೂ ಟಿಕೆಟ್ ತೆಗೆದುಕೊಂಡು ಒಳಗೆ ಬಂದರು. ವಾಲ್ಟರ್ ಮಾತ್ರ ಸ್ವಲ್ಪ ದಿನದಲ್ಲೇ ಮೊದಲ ತಂಡದಿಂದ ಎರಡನೇ ತಂಡಕ್ಕೆ ಇಳಿದ. ಟಾಟನ್‌ಹ್ಯಾಮ್ ಪರ ಲೀಗಿನಲ್ಲಿ ಅವನು ಆಡಿದ್ದು ಹತ್ತೇ ಪಂದ್ಯ, ಹೊಡೆದದ್ದು ಎರಡು ಗೋಲು.

ಅವನನ್ನು ಮತ್ತೆ ಮೇಲೆತ್ತಿದವನು ಹರ್ಬರ್ಟ್ ಚಾಪ್‌ಮನ್. ಯಾರ್ಕ್‌ಶೈರಿನ ಗಣಿ ಕಾರ್ಮಿಕನ ಮಗ, ಆಗ ನಾರ್ಥಾಂಪ್ಟನ್ ಟೌನ್ ತಂಡದ ಮ್ಯಾನೇಜರ್. ಮುಂದೆ ಲೀಡ್ಸ್ ಸಿಟಿ, ಹಡರ್ಸ್‌ಫೀಲ್ಡ್, ಆರ್ಸೆನಲ್ ತಂಡಗಳನ್ನು ನಡೆಸಿ ದೊಡ್ಡ ಹೆಸರು ಮಾಡಿದವನು ಇವನೇ. 1911ರ ಅಕ್ಟೋಬರ್‌ನಲ್ಲಿ ಅವನು ವಾಲ್ಟರ್‌ನನ್ನು ನಾರ್ಥಾಂಪ್ಟನ್‌ಗೆ ಕರೆತಂದ. ಎರಡನೇ ತಂಡದಲ್ಲಿ ಕೂತಿದ್ದವನು ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದ. ಮೈದಾನದ ಮಧ್ಯದಲ್ಲಿ ಆಡುವ ಜವಾಬ್ದಾರಿಯ ಜಾಗ ಸಿಕ್ಕಿತು.

ಇಲ್ಲಿ ನನ್ನದೊಂದು ಮಾತು. ನಮ್ಮ ಸರ್ಟಿಫಿಕೇಟಿಗೆ ಈ ದೇಶದಲ್ಲಿ ಏನು ಬೆಲೆ ಅಂತ ಬಂದವರಿಗೆಲ್ಲ ಗೊತ್ತು. ಊರಿನಲ್ಲಿ ಫ್ಯಾಕ್ಟರಿ ಪ್ಯಾನೆಲ್ ಕಟ್ಟಿದ್ದ ನಾನು ಇಲ್ಲಿ ಮೊದಲು ಕೇಬಲ್ ಡ್ರಮ್ ಉರುಳಿಸುವ ಮೇಟ್ ಆಗಿಯೇ ಇದ್ದೆ. ಒಂದು ಸೈಟಿನ ಗ್ಯಾಫರ್ ಒಂದು ದಿನ ಟೆಸ್ಟ್ ಮೀಟರ್ ಕೈಗೆ ಕೊಟ್ಟು ಬೋರ್ಡ್ ಪೂರ್ತಿ ನನ್ನ ಕೈಯಲ್ಲೇ ಪರೀಕ್ಷೆ ಮಾಡಿಸಿ, ಮರುದಿನದಿಂದ ಬೇರೆ ಕೆಲಸ ಕೊಟ್ಟ. ಗೋಲ್ಡ್ ಕಾರ್ಡ್ ಪರೀಕ್ಷೆ ಪಾಸಾದದ್ದೆಲ್ಲ ಆಮೇಲೆ. ಕೈ ನೋಡಿ ಕೆಲಸ ಕೊಡುವ ಒಬ್ಬ ಮನುಷ್ಯ ಸಿಗುವ ತನಕ ಕಸುಬು ಎಷ್ಟಿದ್ದರೂ ಅದು ಒಳಗೇ ಇರುತ್ತೆ. ವಾಲ್ಟರ್‌ಗೆ ಅಂಥವನು ಚಾಪ್‌ಮನ್.

ಊರಿನ ಬಗ್ಗೆಯೂ ಹೇಳಬೇಕು. ನಾರ್ಥಾಂಪ್ಟನ್ ಬೂಟು ಹೊಲಿಯುವವರ ಊರು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕಾಲಿಗೆ ಲಕ್ಷಗಟ್ಟಲೆ ಜೊತೆ ಬೂಟು ಹೋದದ್ದು ಅಲ್ಲಿಂದಲೇ. ಫುಟ್ಬಾಲ್ ತಂಡದ ಅಡ್ಡಹೆಸರೇ ಕಾಬ್ಲರ್ಸ್, ಅಂದರೆ ಮೆಟ್ಟು ಹೊಲಿಯುವವರು. ನಮ್ಮ ಕಡೆ ಆ ಕಸುಬಿನ ಹೆಸರು ಹಿಡಿದು ಬೈಯುತ್ತಾರೆ, ಆ ಕಸುಬಿನವರನ್ನು ಊರಾಚೆ ಇಟ್ಟಿದ್ದರು. ಇಲ್ಲಿ ಶನಿವಾರ ಬಂದರೆ ಸಾವಿರಾರು ಜನ ಅದೇ ಹೆಸರನ್ನು ಹೆಮ್ಮೆಯಿಂದ ಕೂಗುತ್ತಾರೆ. ಬ್ರಿಸ್ಟಲ್‌ನಲ್ಲಿ ಬೈಸಿಕೊಂಡು ಬಂದ ಗುಲಾಮನ ಮೊಮ್ಮಗ ಅಂಥ ಊರಿನ ಮೆಚ್ಚಿನ ಆಟಗಾರನಾದ.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಫುಟ್ಬಾಲ್ ಆಟಗಾರರಿಗಾಗಿಯೇ ಮಿಡಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಕಟ್ಟಿದರು. ಜನ ಅದನ್ನು ಫುಟ್ಬಾಲ್ ಬೆಟಾಲಿಯನ್ ಅಂತಲೇ ಕರೆದರು. 1914ರ ಡಿಸೆಂಬರ್ 21ರಂದು ವಾಲ್ಟರ್ ಅದಕ್ಕೆ ಸೇರಿದ. ನಾರ್ಥಾಂಪ್ಟನ್ ತಂಡದಿಂದ ಮೊದಲು ಸೇರಿದವನು ಅವನೇ. ಆಗ ಕಡ್ಡಾಯ ಸೇವೆ ಇನ್ನೂ ಬಂದಿರಲಿಲ್ಲ, ತಾನಾಗಿಯೇ ಹೋದದ್ದು. 1915ರ ನವೆಂಬರ್‌ನಲ್ಲಿ ಫ್ರಾನ್ಸಿಗೆ ಕಳಿಸಿದರು. ಅಷ್ಟರಲ್ಲಾಗಲೇ ಅವನು ಸಾರ್ಜೆಂಟ್ ದರ್ಜೆಗೆ ಏರಿದ್ದ.

ಕಂದಕದೊಳಗಿನ ಬದುಕು ಹೇಗಿತ್ತು ಅಂತ ಹೇಳಲು ನನಗೆ ಶಕ್ತಿ ಸಾಲದು. ಕೆಸರು, ಇಲಿ, ಹೇನು, ಹಗಲೂ ರಾತ್ರಿ ಬಿಡದ ಫಿರಂಗಿ ಸದ್ದು. 1916ರ ಮೇ ತಿಂಗಳಲ್ಲಿ ವಾಲ್ಟರ್‌ನ ಮನಸ್ಸು ತಡೆಯಲಿಲ್ಲ. ತೀವ್ರ ಉನ್ಮಾದ ಅಂತ ಕಾಗದದಲ್ಲಿ ಬರೆದು ಇಂಗ್ಲೆಂಡಿನ ಆಸ್ಪತ್ರೆಗೆ ಕಳಿಸಿದರು. ಶೆಲ್ ಶಾಕ್ ಅಂತ ನಾವು ಕೇಳಿದ್ದೀವಲ್ಲ, ಅದೇ. ನಮ್ಮಲ್ಲಿ ಮನಸ್ಸಿಗೆ ಕಾಯಿಲೆ ಬಂದರೆ ಊರಿಗೆ ಫೋನ್ ಮಾಡಿದಾಗಲೂ ಹೇಳೋದಿಲ್ಲ, ಬೆನ್ನುನೋವು ಅಂತೀವಿ, ನಿದ್ದೆ ಇಲ್ಲ ಅಂತೀವಿ. ಯುದ್ಧದಲ್ಲಿ ಹೆಸರು ಮಾಡಿದ ಈ ಗಟ್ಟಿ ಆಳಿಗೂ ಅದು ಬಂದಿತ್ತು, ಆಸ್ಪತ್ರೆ ಸೇರಿದ, ಗುಣವಾಗಿ ಎದ್ದ ಅನ್ನೋದನ್ನು ಮುಚ್ಚಿಡದೆ ಬರೆಯಬೇಕು ಅನ್ನಿಸಿತು.

ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಫ್ರಾನ್ಸಿಗೆ ಹೋದ. ಈ ಸಲ ಎರಡನೇ ಫುಟ್ಬಾಲ್ ಬೆಟಾಲಿಯನ್ನಾದ 23ನೇ ಮಿಡಲ್‌ಸೆಕ್ಸ್. ಸೋಮ್ ನದಿಯ ಬಯಲಿನಲ್ಲಿ ಆಗ ಭೀಕರ ಕದನ ನಡೆಯುತ್ತಿತ್ತು. 1916ರ ಜುಲೈ 1ರಂದು, ಮೊದಲ ದಿನವೇ, ಬ್ರಿಟಿಷ್ ಕಡೆಯವರು 19,000ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಕದನದ ಕೊನೆಯ ಭಾಗದಲ್ಲಿ ವಾಲ್ಟರ್ ಹೋರಾಡಿದ. ಡಿಸೆಂಬರ್‌ನಲ್ಲಿ ಕಂದಕ ಜ್ವರ ಹಿಡಿದು ಮತ್ತೆ ಇಂಗ್ಲೆಂಡಿಗೆ ಬಂದ. ಆಗ ಅವನ ಮೇಲಿನವರು ಅವನನ್ನು ಅಧಿಕಾರಿ ತರಬೇತಿಗೆ ಶಿಫಾರಸು ಮಾಡಿದರು.

ಇಲ್ಲೇ ಮುಖ್ಯ ವಿಷಯ ಇರೋದು. ಬ್ರಿಟಿಷ್ ಸೇನೆಯ 1914ರ ಕಾಯಿದೆ ಪುಸ್ತಕದ ಪ್ರಕಾರ ಕಪ್ಪು ಜನ ಸಿಪಾಯಿಗಳಾಗಬಹುದು, ಗೌರವಕ್ಕೆ ಒಂದು ದರ್ಜೆಯನ್ನೂ ಕೊಡಬಹುದು. ಆದರೆ ನಿಜವಾದ ಅಧಿಕಾರ ಚಲಾಯಿಸುವಂತಿಲ್ಲ. ಅಧಿಕಾರಿ ಆಗಲು ಶುದ್ಧ ಯುರೋಪಿಯನ್ ವಂಶದವನಾಗಿರಬೇಕು. ನಮ್ಮ ಭಾರತದ ಸೈನಿಕರಿಗೂ ಇದೇ ಗೋಡೆ. ಆ ಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲಾಚೆ ಹೋದರು. ಎಷ್ಟು ಅನುಭವ ಇದ್ದರೂ ಅವರಿಗೆ ಸುಬೇದಾರ್, ಸುಬೇದಾರ್ ಮೇಜರ್ ಆಗುವುದೇ ಕೊನೆ ಮೆಟ್ಟಿಲು. ನಿನ್ನೆ ಬಂದ ಬಿಳಿಯ ಲೆಫ್ಟಿನೆಂಟ್ ಅವರಿಗಿಂತ ಮೇಲೆ. ಭಾರತೀಯರಿಗೆ ಆ ಬಾಗಿಲು ತೆರೆಯುವ ತೀರ್ಮಾನ ಆದದ್ದು 1917ರ ಆಗಸ್ಟ್‌ನಲ್ಲಿ. ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಇಂದೋರಿನ ತರಬೇತಿ ಕಾಲೇಜಿನಿಂದ ಕಿಂಗ್ಸ್ ಕಮಿಷನ್ ಪಡೆದು ಹೊರಬಂದದ್ದು 1919ರಲ್ಲಿ.

ವಾಲ್ಟರ್ ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿ ತರಬೇತಿ ಮುಗಿಸಿ 1917ರ ಮೇ 30ರಂದು ಸೆಕೆಂಡ್ ಲೆಫ್ಟಿನೆಂಟ್ ಆದ. ಕಾಯಿದೆ ಬದಲಾಗಿರಲಿಲ್ಲ, ಪುಸ್ತಕದಲ್ಲಿ ಇದ್ದ ಹಾಗೇ ಇತ್ತು. ಅಧಿಕಾರಿಗಳು ದಿನವೂ ಸಾಯುತ್ತಿದ್ದರು. ಜನರನ್ನು ಮುನ್ನಡೆಸಬಲ್ಲ ಒಬ್ಬನನ್ನು ಅವನ ಮೇಲಿನವರು ಕಣ್ಣಾರೆ ನೋಡಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಫ್ಯೂಸ್ ಹೋದ ಕಡೆ ತಂತಿ ಕಟ್ಟಿ ಸಪ್ಲೈ ಕೊಟ್ಟ ಹಾಗೆ. ದೀಪ ಉರಿಯಿತು, ಆದರೆ ಬೋರ್ಡಿನ ಮೇಲೆ ಆ ಲೈನಿನ ಹೆಸರು ಬರೆಯಲಿಲ್ಲ. ಬ್ರಿಟಿಷ್ ಸೇನೆಯ ಮೊದಲ ಕಪ್ಪು ಅಧಿಕಾರಿ ಇವನೇ ಅಂತ ಬಹಳ ಕಾಲ ಹೇಳುತ್ತಿದ್ದರು. ಇವನಿಗಿಂತ ಮೊದಲೂ ಇದ್ದರು ಅಂತ ಈಚೆಗೆ ತಿಳಿದಿದೆ. ಆದರೂ ಬಿಳಿಯ ಸೈನಿಕರನ್ನು ಕದನದಲ್ಲಿ ಮುನ್ನಡೆಸಿದ ಮೊದಲಿಗರಲ್ಲಿ ಅವನೊಬ್ಬ ಅನ್ನೋದರಲ್ಲಿ ಸಂಶಯ ಇಲ್ಲ.

1917ರ ಕೊನೆಗೆ ಅವನ ಬೆಟಾಲಿಯನ್ನನ್ನು ಇಟಲಿಗೆ ಕಳಿಸಿದರು. ಅಲ್ಲಿ ಪಿಯಾವೆ ಎಂಬ ನದಿ. ಈ ದಡದಲ್ಲಿ ಇವರು, ಆ ದಡದಲ್ಲಿ ಶತ್ರುಗಳು. ಚಳಿಗಾಲ, ಮಂಜಿನಂತೆ ಕೊರೆಯುವ ನೀರು, ಸೆಳವು. 1918ರ ಹೊಸ ವರ್ಷದ ಹೊತ್ತಿನಲ್ಲಿ ವಾಲ್ಟರ್ 26 ಜನರನ್ನು ಕರೆದುಕೊಂಡು ರಾತ್ರಿ ಆ ನದಿ ದಾಟಿ ಶತ್ರುಗಳ ಕಡೆ ನುಗ್ಗಿದ. ಗುಂಡಿನ ಮಳೆ ನಡುವೆ ಅಷ್ಟೂ ಜನರನ್ನು ಒಬ್ಬರಿಗೂ ಪೆಟ್ಟಾಗದಂತೆ ವಾಪಸ್ ಕರೆತಂದ. ಅವನ ಧೈರ್ಯವನ್ನೂ ತಣ್ಣನೆಯ ತಲೆಯನ್ನೂ ಹೊಗಳಿ ಡಿವಿಜನ್ನಿನ ಮುಖ್ಯಸ್ಥ ಮೇಜರ್ ಜನರಲ್ ಲಾಫರ್ಡ್ ಬರವಣಿಗೆಯಲ್ಲೇ ಮೆಚ್ಚುಗೆ ಕೊಟ್ಟ. ಎಂಟು ವರ್ಷದ ಹಿಂದೆ ಮೈದಾನದಲ್ಲಿ ಇವನ ಬಣ್ಣ ಹಿಡಿದು ಕೂಗಿದ್ದು ಈ ದೇಶದ ಜನವೇ. ಈಗ ಅದೇ ದೇಶದ 26 ಮಕ್ಕಳು ಕತ್ತಲಲ್ಲಿ, ಇವನ ಬೆನ್ನು ನೋಡಿಕೊಂಡು ನೀರಿಗಿಳಿದಿದ್ದರು.

ಮಾರ್ಚ್‌ನಲ್ಲಿ ಮತ್ತೆ ಫ್ರಾನ್ಸ್. 1918ರ ಮಾರ್ಚ್ 21ರಂದು ಜರ್ಮನರು ಭಾರಿ ದಾಳಿ ಶುರು ಮಾಡಿದರು. ಬ್ರಿಟಿಷ್ ಸೇನೆ ಹಿಂದೆ ಹಿಂದೆ ಸರಿಯಬೇಕಾಯಿತು. ಮಾರ್ಚ್ 25ರಂದು ಫಾವ್ರೆಯ್ ಎಂಬ ಹಳ್ಳಿಯ ಹತ್ತಿರ ವಾಲ್ಟರ್‌ಗೆ ಗುಂಡು ತಗುಲಿ ಬಿದ್ದ. ಅವನ ಕೈಕೆಳಗಿನ ಸೈನಿಕರು ಅವನನ್ನು ಹೊತ್ತು ತರಲು ಗುಂಡಿನ ನಡುವೆಯೇ ಹೋದರು. ಅವರಲ್ಲೊಬ್ಬ ಟಾಮ್ ಬಿಲಿಂಗ್‌ಹ್ಯಾಮ್; ಈಗಿನ ಲೆಸ್ಟರ್ ಸಿಟಿ, ಆಗ ಲೆಸ್ಟರ್ ಫಾಸ್ ಅಂತಿದ್ದ ತಂಡದ ಗೋಲ್‌ಕೀಪರ್ ಆಗಿದ್ದವನು. ಶತ್ರುಗಳು ತೀರ ಹತ್ತಿರ ಬಂದಿದ್ದರಿಂದ ತರಲಾಗಲಿಲ್ಲ. ದೇಹ ಆಮೇಲೂ ಸಿಗಲಿಲ್ಲ. ವಾಲ್ಟರ್‌ಗೆ ಮೂವತ್ತು ತುಂಬಲು ಒಂದು ತಿಂಗಳು ಬಾಕಿ ಇತ್ತು. ಸಮಾಧಿ ಇಲ್ಲದವರ ಹೆಸರು ಕೆತ್ತಿರುವ ಅರಾಸ್ ಸ್ಮಾರಕದ ಗೋಡೆಯಲ್ಲಿ ಅವನ ಹೆಸರಿದೆ.

ಸುದ್ದಿ ಹೋದದ್ದು ಗ್ಲಾಸ್ಗೋಗೆ, ಅಣ್ಣ ಎಡ್ವರ್ಡ್‌ಗೆ. ದೂರದಲ್ಲಿರುವ ಒಡಹುಟ್ಟಿದವರ ಸಾವಿನ ಸುದ್ದಿ ಕೇಳಿದವರು ನಮ್ಮಲ್ಲೂ ಇದ್ದಾರೆ, ಹೆಚ್ಚು ಹೇಳಬೇಕಿಲ್ಲ. ಹೋಗಿ ಮುಖ ನೋಡಲು ದೇಹವೂ ಇಲ್ಲ, ಮಣ್ಣು ಹಾಕಲು ಸಮಾಧಿಯೂ ಇಲ್ಲ. ಜೊತೆಗಿದ್ದ ಅಧಿಕಾರಿಯೊಬ್ಬ ಎಡ್ವರ್ಡ್‌ಗೆ ಪತ್ರ ಬರೆದ. ಎಲ್ಲರಿಗೂ ಅವನು ಬೇಕಾದವನಾಗಿದ್ದ, ಮಿಲಿಟರಿ ಕ್ರಾಸ್ ಪದಕಕ್ಕೆ ಅವನ ಹೆಸರನ್ನು ಶಿಫಾರಸು ಮಾಡಲಾಗಿತ್ತು ಅಂತ ಅದರಲ್ಲಿ ತಿಳಿಸಿದ. ಆ ಪದಕ ಬರಲಿಲ್ಲ. ಕೊಟ್ಟಿದ್ದರೆ ಕಾಯಿದೆ ಮೀರಿ ಅಧಿಕಾರಿ ಮಾಡಿದ್ದನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು ಅಂತ ಅವನ ಪರವಾಗಿ ಇವತ್ತಿಗೂ ಕೇಳುತ್ತಿರುವವರು ವಾದಿಸುತ್ತಾರೆ. ಬೇಕಾದಾಗ ನಿಯಮದ ಪಕ್ಕದಿಂದ ಒಳಗೆ ಕರೆದುಕೊಳ್ಳುವುದು, ಲೆಕ್ಕ ಹಾಕುವಾಗ ಮತ್ತೆ ನಿಯಮ ತೆಗೆಯುವುದು. ಇದು ನಮಗೆ ಹೊಸದೇನಲ್ಲ.

ಆಮೇಲೆ ಎಷ್ಟೋ ದಶಕ ಅವನನ್ನು ಹೆಚ್ಚಿನವರು ಮರೆತೇಬಿಟ್ಟರು. ಎಡ್ವರ್ಡ್‌ನ ಮನೆಯವರು ಪತ್ರ, ಫೋಟೊಗಳನ್ನು ಜೋಪಾನವಾಗಿ ಇಟ್ಟಿದ್ದರು. ಫಿಲ್ ವಸಿಲಿ ಎಂಬ ಇತಿಹಾಸಕಾರರು ಅವನ ಬದುಕನ್ನು ಹುಡುಕಿ ಪುಸ್ತಕ ಬರೆದರು. 1999ರಲ್ಲಿ ನಾರ್ಥಾಂಪ್ಟನ್ ತಂಡದ ಮೈದಾನದ ಬಳಿ ಸ್ಮಾರಕ ಎದ್ದಿತು. ಸತ್ತು ನೂರು ವರ್ಷವಾದ 2018ರಲ್ಲಿ ಅಂಚೆ ಇಲಾಖೆ ಅವನ ಚಿತ್ರದ ಅಂಚೆಚೀಟಿ ತಂದಿತು. ಪದಕ ಮಾತ್ರ ಬಂದಿಲ್ಲ.

ವಾಲ್ಟರ್ ಯುದ್ಧಕ್ಕೆ ಹೋದದ್ದು ಸರಿಯೋ ತಪ್ಪೋ, ಆ ಯುದ್ಧ ಯಾರ ಲಾಭಕ್ಕೆ ನಡೆಯಿತು ಅನ್ನೋದು ಬೇರೆ ಚರ್ಚೆ. ಅದನ್ನು ನಮ್ಮ ವೇದಿಕೆಯ ಸಭೆಯಲ್ಲಿ ಮಾತಾಡೋಣ. ನನಗೆ ಮುಖ್ಯ ಅನ್ನಿಸಿದ್ದು ಇಷ್ಟು. ಅವನ ಬೆಲೆಯನ್ನು ಕಾಯಿದೆ ಪುಸ್ತಕ ಒಂದು ಥರ ಬರೆಯಿತು, ಜೊತೆಗೆ ದುಡಿದವರು ಇನ್ನೊಂದು ಥರ ತಿಳಿದರು. ಅವರಲ್ಲಿ ಯಾರೂ ಅವನ ವಂಶ ಶುದ್ಧವೋ ಅಂತ ಕೇಳಿದವರಲ್ಲ. ಈ ಸಲ ಹೊಸದಾಗಿ ಊರಿನಿಂದ ಬಂದ ಹುಡುಗರು ಸರ್ಟಿಫಿಕೇಟ್ ನಡೆಯೋದಿಲ್ಲ ಅಂತ ತಲೆ ಕೆಳಗೆ ಹಾಕಿ ಕೂತಾಗ ಈ ಕಥೆ ಹೇಳಿ. ಕಾರ್ಡು ಮಾಡಿಸಿಕೊಳ್ಳೋದು ಬಿಡಬೇಡಿ ಅಂತಲೂ ಹೇಳಿ, ಯಾಕಂದ್ರೆ ಕಾಗದ ಇಲ್ಲದಿದ್ದರೆ ಪದಕ ಕೊಡದ ಜನ ಸಂಬಳವನ್ನೂ ಕೊಡೋದಿಲ್ಲ.

ನವೆಂಬರ್ 11ರಂದು ಈ ದೇಶದಲ್ಲಿ ಕೆಂಪು ಗಸಗಸೆ ಹೂ ಚುಚ್ಚಿಕೊಂಡು ಎರಡು ನಿಮಿಷ ಮೌನ ನಿಲ್ಲುತ್ತಾರೆ. ಸೈಟುಗಳಲ್ಲೂ ಡ್ರಿಲ್ ಮೆಷಿನ್ ನಿಲ್ಲಿಸುತ್ತಾರೆ. ಆ ಎರಡು ನಿಮಿಷದಲ್ಲಿ ಯಾರನ್ನು ನೆನೆಯಬೇಕು ಅಂತ ಗೊತ್ತಾಗದೆ ನಿಲ್ಲುವ ನಮ್ಮವರಿಗೆ ಈಗ ಒಂದು ಹೆಸರಾದರೂ ಗೊತ್ತಾಯಿತು: ಬಡಗಿ ಡೇನಿಯಲ್‌ನ ಮಗ, ವಾಲ್ಟರ್ ಟಲ್.